ಎಂಟನೆಯ ಬಾವಿ

ನನ್ನ ನೋಟ್ಸಿಗೆ ಈಗ ಇಪ್ಪತ್ತೆರಡು ವರ್ಷ.
ಅಂಚು ಸುಟ್ಟ ಹಪ್ಪಳದ ಹಾಗೆ ಮುರಿಯುತ್ತದೆ.
ನಾನು ಓದುತ್ತೇನೆ, ಅವರು ಬರೆಯುತ್ತಾರೆ,
ನಡುವೆ ಫ್ಯಾನಿನ ಕಟಕಟ.
'ಬ್ಯುರೆಟ್ ನೋಡುವಾಗ ಕಣ್ಣು ದ್ರವದ ಮಟ್ಟಕ್ಕೆ ಇರಲಿ'
ಇದು ಮೂರನೇ ಪುಟ, ಅಡಿಗೆರೆ ಸಮೇತ.

ನೀರಿನಲ್ಲಿ ಉಪ್ಪೆಷ್ಟು ಎಂಬ ಪ್ರಯೋಗ.
ಲ್ಯಾಬಿನ ನಲ್ಲಿ ನೀರು. ಎಲ್ಲರಿಗೂ ಎರಡು ಪಾಯಿಂಟ್ ಒಂದು,
ಅವರ ಸೀನಿಯರುಗಳಿಗೂ, ಅವರ ಸೀನಿಯರುಗಳಿಗೂ.
ರೆಕಾರ್ಡಿನಿಂದ ರೆಕಾರ್ಡಿಗೆ ಇಳಿದು ಬಂದ ಸಂಖ್ಯೆ.
ಕೆಲವರ ಬ್ಯುರೆಟ್ ಒದ್ದೆಯೇ ಆಗಿರುತ್ತಿರಲಿಲ್ಲ.
ನನಗೆ ಗೊತ್ತಿತ್ತು. ಸಹಿ ಹಾಕುತ್ತಿದ್ದೆ.

ಮಿಸ್ರಿಯಾಳದ್ದು ಮಾತ್ರ ಒಂಬತ್ತು ಪಾಯಿಂಟ್ ನಾಲ್ಕು.
ಕೆಂಪು ಶಾಯಿಯಲ್ಲಿ ಗೀಟು ಎಳೆದೆ.
"ಎಂಥ ಮಾರಾಯ್ತಿ ಇದು? ಸಮುದ್ರ ತಂದಿದ್ದೀಯಾ?"
ಬೆಂಚುಗಳು ನಕ್ಕವು.
ಅವಳು ಸ್ಕಾರ್ಫಿನ ತುದಿ ಸರಿಮಾಡಿಕೊಂಡು
ಬ್ಯಾಗಿನಿಂದ ಬಾಟಲಿ ತೆಗೆದಿಟ್ಟಳು.
"ನಲ್ಲಿಯದ್ದಲ್ಲ ಮೇಡಂ, ನಮ್ಮ ಬಾವಿಯದ್ದು.
ಉತ್ತರ ಗೊತ್ತಿರುವ ನೀರನ್ನು ಯಾಕೆ ಅಳೆಯುವುದು ಅಂತ..."
ವಾಕ್ಯವನ್ನು ಅಲ್ಲಿಗೇ ಬಿಟ್ಟಳು.

ಆ ರಾತ್ರಿ ಮೀನು ಸಾರಿಗೆ ಉಪ್ಪು ಹಾಕುವಾಗ
ಕೈ ಸ್ವಲ್ಪ ಹೊತ್ತು ಡಬ್ಬಿಯಲ್ಲೇ ಇತ್ತು.

ಶನಿವಾರ, ಧಕ್ಕೆಯಿಂದ ಫೆರಿ.
ಮಿಸ್ರಿಯಾ, ಲತೀಶ ಪುತ್ರನ್, ಇನ್ನೂ ಐದು ಜನ,
ಬೂತಾಯಿ ಬುಟ್ಟಿಗಳ ನಡುವೆ ಬ್ಯುರೆಟ್ಟನ್ನು
ಮಗುವಿನ ಹಾಗೆ ಎದೆಗೊತ್ತಿಕೊಂಡು ನಾನು.
"ಇದಕ್ಕೆ ಅರ್ಧ ಟಿಕೇಟಾ ಟೀಚರ್?" ಕೇಳಿದ ದೋಣಿಯವ.

ಕಸಬಾ ಬೆಂಗ್ರೆ. ಒಂದು ಕಡೆ ನದಿ, ಒಂದು ಕಡೆ ಕಡಲು,
ನಡುವೆ ಮರಳು, ನಾವು ಗುರುತು ಹಾಕಿಕೊಂಡ ಎಂಟು ಬಾವಿ.
ಮಿಸ್ರಿಯಾಳ ಅಜ್ಜಿ ಬೀಫಾತುಮ್ಮ
ಒಂದೊಂದು ಕೊಡಪಾನದಿಂದಲೂ ಬೊಗಸೆ ಎತ್ತಿ
ನಾಲಗೆಗೆ ತಾಗಿಸಿ ಉಗುಳಿದರು:
ಇದರಲ್ಲಿ ಬೇಳೆ ಬೇಯುತ್ತದೆ.
ಇದರಲ್ಲಿ ಸಾಬೂನು ನೊರೆ ಬರುವುದಿಲ್ಲ.
ಇದು ಮೊನ್ನೆವರೆಗೆ ಒಳ್ಳೆಯದಿತ್ತು.
ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ಮಿಸ್ರಿಯಾ ಕನ್ನಡದಲ್ಲಿ ಹೇಳಿ
ನಾನು ಇಂಗ್ಲಿಷಿನಲ್ಲಿ ಬರೆಯುವ ಹೊತ್ತಿಗೆ
ನೀರು ಸ್ವಲ್ಪ ಸಪ್ಪೆಯಾಗಿರಬೇಕು.

ಜಗಲಿಯಲ್ಲೇ ಲ್ಯಾಬು.
ಹಳದಿ ನೀರಿಗೆ ಹನಿ, ಹನಿ, ಮತ್ತೊಂದು ಹನಿ.
ನಿಲ್ಲಿಸು ಎನ್ನುವ ಬಣ್ಣಕ್ಕೆ
ಪುಸ್ತಕದಲ್ಲಿ ಒಂದು ಕಷ್ಟದ ಪದ ಉಂಟು.
ಲತೀಶ ಮಾಡಿನ ಕಡೆ ಬೆರಳು ತೋರಿಸಿದ,
"ಇಷ್ಟು. ಹಂಚಿನ ಬಣ್ಣ."
ಪದವನ್ನು ಹೊಡೆದು ಹಾಕಿದೆ.

ಐದನೆಯ ಬಾವಿ: ಒಂಬತ್ತು ಪಾಯಿಂಟ್ ಎರಡು, ಎಂದೆ.
ಬೀಫಾತುಮ್ಮ ತಲೆಯಾಡಿಸಿದರು.
ನಮ್ಮ ಬಾವಿಗಿಂತ ಇದಕ್ಕೆ ಉಪ್ಪು ಜಾಸ್ತಿ.
ನಾನು, ನನ್ನ ಎಂಎಸ್ಸಿ, ನನ್ನ ಗಾಜಿನ ಕೊಳವೆ,
ಮೂವರೂ ಒಪ್ಪಲಿಲ್ಲ.
ಲತೀಶ ಕೆಮ್ಮಿದ.
"ಮೇಡಂ... ಮೂರನೇ ಪುಟ."

ಸೀರೆ ಎತ್ತಿಕಟ್ಟಿ ಮೊಣಕಾಲೂರಿದೆ.
ಕಣ್ಣು ನೀರಿನ ಮಟ್ಟಕ್ಕೆ ಬಂತು.
ಒಂಬತ್ತು ಪಾಯಿಂಟ್ ಐದು.
ಈ ಸಲ ಯಾರೂ ನಗಲಿಲ್ಲ.
ಅಜ್ಜಿ ಚಾ ತಂದರು, ಮೊದಲನೆಯ ಬಾವಿಯ ನೀರಿನದ್ದು.

ಸಿಲ್ವರ್ ನೈಟ್ರೇಟ್ ತಾಗಿದ ಬೆರಳು
ಮಾರನೆಯ ದಿನ ಕಪ್ಪಾಗುತ್ತದೆ, ಸಾಬೂನಿಗೆ ಬಗ್ಗುವುದಿಲ್ಲ.
ಆದಿತ್ಯವಾರ ಇಗರ್ಜಿಯಲ್ಲಿ ಕೈಮುಗಿದಾಗ ಕಂಡಿತು.
ಸೋಮವಾರ ಹಾಜರಿ ಕರೆದಾಗ
ಎದ್ದ ಏಳು ಕೈಗಳಲ್ಲೂ ಅದೇ ಮಸಿ.

ಪ್ರಿನ್ಸಿಪಾಲರು ಕೇಳಿದರು,
"ಇದಕ್ಕೆ ಇಂಟರ್ನಲ್ಲಿನಲ್ಲಿ ಎಷ್ಟು ಮಾರ್ಕು?"
ಕಾಲಮ್ಮಿಲ್ಲ ಸಾರ್, ಎಂದೆ.
"ಹಾಗಾದರೆ?"
ಆ ಹಾಗಾದರೆ ಇನ್ನೂ ನನ್ನ ಮೇಜಿನ ಮೇಲೆ ಉಂಟು.

ಮೂರನೇ ಪುಟದ ಬೆನ್ನಿಗೆ
ಮಿಸ್ರಿಯಾ ಬರೆದ ನಕ್ಷೆ ಅಂಟಿಸಿದ್ದೇನೆ.
ಏಳು ಬಾವಿ ಶಾಯಿಯಲ್ಲಿ.
ಎಂಟನೆಯದು ಬೆಳಿಗ್ಗೆ ಒಂದು ಸಂಖ್ಯೆ ಹೇಳುತ್ತದೆ,
ಭರತ ಏರಿದ ಮೇಲೆ ಇನ್ನೊಂದು,
ಅಮಾವಾಸ್ಯೆಗೆ ಮತ್ತೆ ಬೇರೆ.
ಯಾಕೆ ಮೇಡಂ, ಎಂದಳು.
ಗೊತ್ತಿಲ್ಲ, ಎಂದೆ, ತರಗತಿಯ ಎದುರಿಗೇ.
ಅದೊಂದು ಪೆನ್ಸಿಲಿನಲ್ಲಿ ಉಂಟು.
ರಬ್ಬರು ಅವಳ ಹತ್ತಿರ.